ನಾಟಕದ ಹಿಂದೆ ವಿಡಿಯೊ ಆಡಿಸೋಕೆ ಮರದ ಮಿಡಿ ಕಂಟ್ರೋಲರ್: ಈ ಹಲಗೆ, ಈ ಬೋರ್ಡ್ ಸಾಕಾ?

ಹಾಸನದ_ಪರದೆ:
ನಮಸ್ಕಾರ. ಹಾಸನದ ಒಂದು ಹವ್ಯಾಸಿ ನಾಟಕ ತಂಡಕ್ಕೆ ಹಿಂದಿನ ಪರದೆ ಮೇಲೆ ವಿಡಿಯೊ ಬಿಡುವ ಕೆಲಸ ನನ್ನದು. ರೆಸೊಲ್ಯೂಮ್ ಅನ್ನೋ ವಿಡಿಯೊ ಬೆರೆಸುವ ತಂತ್ರಾಂಶ ಬಳಸುತ್ತೇನೆ. ಮಳೆ, ಬೆಂಕಿ, ಸಂತೆ ಬೀದಿ ಎಲ್ಲವನ್ನೂ ನಟರ ಮಾತು ನೋಡಿಕೊಂಡು ಅಲ್ಲಲ್ಲೇ ಬೆರೆಸಬೇಕು. ಕತ್ತಲಲ್ಲಿ ಮೌಸ್ ಹಿಡಿದು ಹುಡುಕಾಡುವಷ್ಟರಲ್ಲಿ ಸಂಭಾಷಣೆ ಮುಂದೆ ಹೋಗಿರುತ್ತೆ.

ಅದಕ್ಕೆ 8 ನಾಬ್ (ತಿರುಗಿಸುವ ಗುಂಡಿ), 4 ಬಟನ್ ಇರುವ ಒಂದು ಮಿಡಿ ಪೆಟ್ಟಿಗೆ, ಅಂದರೆ ತಿರುಗಿಸಿದ್ದನ್ನೂ ಒತ್ತಿದ್ದನ್ನೂ ಅಂಕಿಯಾಗಿ ತಂತ್ರಾಂಶಕ್ಕೆ ಕಳಿಸುವಂಥದ್ದು, ಮಾಡಿಕೊಳ್ಳೋಣ ಅಂತ. ಸಕಲೇಶಪುರದ ನೆಂಟರ ತೋಟದ ಸಿಲ್ವರ್ ಓಕ್ ಹಲಗೆ ಇದೆ, ಮುಕ್ಕಾಲು ಇಂಚು ದಪ್ಪ. ಮನೆಯಲ್ಲಿ ಆರ್ಡಿನೊ ಊನೊ ಅನ್ನೋ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್ ಬಿದ್ದಿದೆ. ಇವೆರಡರಲ್ಲೇ ಆಗುತ್ತಾ? ಮರಗೆಲಸ ಅಲ್ಪಸ್ವಲ್ಪ ಬರುತ್ತೆ, ಬೆಸುಗೆ ಚೆನ್ನಾಗಿ ಬರುತ್ತೆ.

ರಾತ್ರಿ_ಪಾಳಿ:
ಕೋರ್ಗ್ ನ್ಯಾನೊಕಂಟ್ರೋಲ್ 2 ಅಂತ ರೆಡಿಮೇಡ್ ಮಿಡಿ ಕಂಟ್ರೋಲರ್ ಇದೆ, ತಗೊಂಡು ಬಿಡಿ. 8 ಫೇಡರ್ (ಮೇಲೆ ಕೆಳಗೆ ಜರುಗಿಸುವ ಗುಂಡಿ), 8 ನಾಬ್ ಅದರಲ್ಲೇ ಇದೆ. ನಾಟಕ ಮುಗಿಯೋದ್ರೊಳಗೆ ಪೆಟ್ಟಿಗೆ ಮುಗಿಯಲ್ಲ ನೋಡಿ!

ಹಾಸನದ_ಪರದೆ:
ಅದನ್ನು ಬಳಸಿ ನೋಡಿದ್ದೇನೆ ಸಾರ್. ಒಳ್ಳೇದೇ. ಆದರೆ ನಾಬ್‌ಗಳು ತುಂಬ ಹತ್ತಿರ, ನನ್ನ ಬೆರಳು ದಪ್ಪ. ಮೂರನೇದು ಅಂತ ನಾಲ್ಕನೇದು ತಿರುಗುತ್ತೆ.

ಗಿರಿಸಾಲಿನ_ಬಡಗಿ (ಚಿಕ್ಕಮಗಳೂರು):
ಹಾಗಾದರೆ ಮಾಡಿ, ಚೆನ್ನಾಗಿರುತ್ತೆ. ಮೋನೋಮ್ ಅಂತ ಒಂದು ಸಣ್ಣ ಅಮೆರಿಕನ್ ಕಂಪನಿ ವಾಲ್ನಟ್ ಮರದ ಪೆಟ್ಟಿಗೆಯಲ್ಲೇ ಕಂಟ್ರೋಲರ್ ಮಾಡಿ ಹೆಸರು ಮಾಡಿದೆ. ಮರ ಇದಕ್ಕೆ ಹೊಸದೇನಲ್ಲ.

ಮೊದಲು ಬೋರ್ಡ್ ವಿಷಯ ಮುಗಿಸೋಣ. ಊನೊ ಬೇಡ. ಅದರ ಮುಖ್ಯ ಚಿಪ್‌ಗೆ ನೇರ ಯುಎಸ್‌ಬಿ ಇಲ್ಲ, ಕಂಪ್ಯೂಟರಿಗೆ ಮಿಡಿ ಸಾಧನವಾಗಿ ಕಾಣಿಸಬೇಕಾದರೆ ಸುತ್ತುಬಳಸು ಜಾಸ್ತಿ. ಪ್ರೊ ಮೈಕ್ರೊ ಅನ್ನೋ ಬೋರ್ಡ್ ತಗೊಳ್ಳಿ. ಅದರ 32ಯು4 ಚಿಪ್ ತಾನೇ ಯುಎಸ್‌ಬಿ ಮಾತಾಡುತ್ತೆ, 9 ಅನಲಾಗ್ ಪಿನ್ (ನಾಬ್ ಎಷ್ಟು ತಿರುಗಿದೆ ಅಂತ ಓದುವ ಕಾಲು) ಹೊರಗೆ ಕೊಟ್ಟಿದ್ದಾರೆ. ನಿಮ್ಮ 8 ನಾಬ್‌ಗೆ ಸಾಕು. ಒಂದೇ ಕೊರತೆ, ಅದರ ಯುಎಸ್‌ಬಿ ಬಾಯಿ ಬಲು ನಾಜೂಕು, ಕೇಬಲ್ ಎಳೆದರೆ ಬೋರ್ಡಿಂದಲೇ ಕಿತ್ತು ಬರುತ್ತೆ. ಪೆಟ್ಟಿಗೆ ಹಿಂಬದಿಗೆ ಚದರ ಯುಎಸ್‌ಬಿ ಸಾಕೆಟ್ ಕೂರಿಸಿ, ಒಳಗಿನ ಚಿಕ್ಕ ಕೇಬಲ್ಲನ್ನು ಮರಕ್ಕೆ ಬಿಗಿಯಾಗಿ ಕಟ್ಟಿ.

ಪಾಟ್ (ಪೊಟೆನ್ಶಿಯೊಮೀಟರ್, ನಾಬ್ ಕೆಳಗೆ ತಿರುಗುವ ಭಾಗ) 10ಕೆ ತಗೊಳ್ಳಿ, ಮೈಮೇಲೆ ಬಿ10ಕೆ ಅಂತ ಇರಬೇಕು. ಎ10ಕೆ ಕೊಟ್ಟರೆ ವಾಪಸ್ ಕೊಡಿ. ಅದು ಧ್ವನಿಗೆ ಮಾಡಿದ್ದು. ಅರ್ಧ ತಿರುಗಿಸಿದರೂ ಚಿತ್ರ ಮಂಕಾಗೇ ಇದ್ದು, ಆಮೇಲೆ ಒಮ್ಮೆಲೇ ಬೆಳಗುತ್ತೆ.

ಈಗ ಮರ. ಇಲ್ಲೇ ಎಲ್ಲರೂ ಎಡವೋದು. ಪಾಟ್‌ನ ಕತ್ತಿನ ಮರೆ (ನಟ್ ಕೂರುವ ತಿರುಪಿನ ಭಾಗ) ಸುಮಾರು 7 ಮಿ.ಮೀ. ಉದ್ದ, ನಿಮ್ಮ ಹಲಗೆ 19 ಮಿ.ಮೀ. ದಪ್ಪ. ಸುಮ್ನೆ ತೂತು ಹೊಡೆದರೆ ಕತ್ತು ಮೇಲಕ್ಕೇ ಬರಲ್ಲ, ನಟ್ ಹಾಕೋದೆಲ್ಲಿ? ಹಿಂದಿನಿಂದ ಅಗಲ ಗುಳಿ ತೋಡಿ, ಮೇಲೆ 3 ಮಿ.ಮೀ. ಮಾತ್ರ ಉಳಿಸಬೇಕು. ಕ್ರಮ ಹೀಗೆ. ಮೇಲಿನಿಂದ ಸಣ್ಣ ಬಿಟ್‌ನಲ್ಲಿ ನೇರ ತೂತು ಹೊಡೆದು ಜಾಗ ಗುರುತಿಸಿ. ಹಲಗೆ ತಿರುಗಿಸಿ, ಅದೇ ಗುರುತಿಗೆ 30 ಮಿ.ಮೀ. ಚಪ್ಪಟೆ ತಳದ ಬಿಟ್ ಇಟ್ಟು ಗುಳಿ ತೆಗೆಯಿರಿ. ಕೊನೆಗೆ ಮೇಲಿನ ತೂತನ್ನು ಕತ್ತಿನ ಅಳತೆಗೆ ಅಗಲ ಮಾಡಿ. ಅಗಲ ತೂತು ಮೊದಲೇ ಹೊಡೆದರೆ ದೊಡ್ಡ ಬಿಟ್‌ನ ಮೊನೆಗೆ ಹಿಡಿತ ಸಿಗದೆ ಹಲಗೆ ಮೇಲೆ ಅಲೆದಾಡಿ ಅಂಚೆಲ್ಲ ಸಿಬುರು ಏಳುತ್ತೆ.

ಪಾಟ್ ಮುಖದಲ್ಲಿ ಕತ್ತಿನ ಪಕ್ಕ ಒಂದು ಪುಟ್ಟ ತಗಡಿನ ಕಿವಿ ಇರುತ್ತೆ. ತುಂಬ ಜನ ಅಡ್ಡ ಅಂತ ಮುರಿದು ಹಾಕ್ತಾರೆ. ಮುರಿಯಬೇಡಿ, ಅದಕ್ಕೊಂದು ಸಣ್ಣ ಕಚ್ಚು ಮಾಡಿಕೊಡಿ. ಮಳೆಗಾಲದಲ್ಲಿ ಉಬ್ಬಿದ ಮರ ಬೇಸಿಗೆಗೆ ಕುಗ್ಗಿ ನಟ್ ಸಡಿಲ ಆಗುತ್ತೆ. ಆಗ ಪಾಟ್ ಪೂರ್ತಿ ತಿರುಗದಂತೆ ತಡೆಯೋದು ಆ ಕಿವಿಯೇ. ಇಲ್ಲದಿದ್ದರೆ ಒಳಗಿನ ತಂತಿಗಳು ಹುರಿಗೊಂಡು ಕಿತ್ತು ಹೋಗುತ್ತವೆ.

ಒಂದು ಪ್ರಶ್ನೆ: ಹಲಗೆ ಕೊಯ್ಸಿದ್ದು ಯಾವಾಗ?

ಹಾಸನದ_ಪರದೆ:
ಹೋದ ಮಳೆಗಾಲ ಮುಗಿದ ಮೇಲೆ. ಕಾಫಿ ಗೋಡೌನಿನ ಮೂಲೆಯಲ್ಲಿ ಒರಗಿಸಿಟ್ಟಿದ್ದರು.

ಗಿರಿಸಾಲಿನ_ಬಡಗಿ (ಚಿಕ್ಕಮಗಳೂರು):
ಒರಗಿಸಿಟ್ಟಿದ್ದು ಅಂದ್ರೆ ಈಗಾಗಲೇ ಸ್ವಲ್ಪ ಬಾಗಿರಬೇಕು ಅಲ್ವಾ? ನೆರಳಲ್ಲಿ ಒಣಗಿಸಿದರೆ ಒಂದು ಇಂಚಿಗೆ ಸುಮಾರು ಒಂದು ವರ್ಷ ಬೇಕು ಅನ್ನೋದು ನಮ್ಮಲ್ಲಿ ಲೆಕ್ಕ. ಅದನ್ನು ಪಕ್ಕಕ್ಕಿಡಿ, ಮಧ್ಯೆ ಪಟ್ಟಿ ಕೊಟ್ಟು ಮಲಗಿಸಿ. ಸಿಲ್ವರ್ ಓಕ್ ಸರಿಯಾದ ಕಡೆಯಿಂದ ಕೊಯ್ದರೆ ಹೊಳೆಯುವ ಚುಕ್ಕಿ ಚುಕ್ಕಿ ಬರುತ್ತೆ, ಎರಡನೇ ಪೆಟ್ಟಿಗೆಗೆ ಇರಲಿ. ಈಗ ಹಳೇ ಮನೆ ಕೆಡವಿದ ಕಡೆ ಹಲಸಿನ ಹಲಗೆ ಸಿಗುತ್ತಾ ವಿಚಾರಿಸಿ. ವೀಣೆ ಮಾಡೋದು ಅದೇ ಮರದಲ್ಲಿ. ಹಳೇದಾದರೆ ಎಷ್ಟು ಬಾಗಬೇಕೋ ಅಷ್ಟು ಬಾಗಿ ಮುಗಿಸಿರುತ್ತೆ. ಕೀಸುಳಿ ಹಾಕೋಕೆ ಮುಂಚೆ ಮೊಳೆ ಉಳಿದಿದೆಯಾ ನೋಡಿ.

ಪಾಲಿಶ್ ಯಾವುದಾದರೂ ಹಾಕಿ, ಆದರೆ ಒಳಗೂ ಹೊರಗೂ ಅಷ್ಟೇ ಸಲ ಬಳಿಯಿರಿ. ಹೊರಗೆ ಮಾತ್ರ ಬಳಿದರೆ ಒಳಮೈ ಒಂದೇ ತೇವ ಕುಡಿದು ಹಲಗೆ ದೋಣಿ ಆಗುತ್ತೆ.

ಲೈಟ್_ಪಾಪಣ್ಣ:
ಮಧ್ಯೆ ಮೂಗು ತೂರಿಸ್ತೀನಿ. ಮರ ಮುಟ್ಟೋ ಮುಂಚೆ ರಟ್ಟಿನಲ್ಲಿ ಅದೇ ಅಳತೆಗೆ ಮಾಡಿ, ಬಾಟಲಿ ಮುಚ್ಚಳ ಅಂಟಿಸಿ, ದೀಪ ಆರಿಸಿ ಒಂದು ತಾಲೀಮು ಪೂರ್ತಿ ಕೈಯಾಡಿಸಿ. ನಾನು ಲೈಟ್ ಬೋರ್ಡ್ ಮುಂದೆ ಕೂತು ಕಂಡಿದ್ದು, ಕೈ ನೆನಪಿಡೋದು ಗುಂಪನ್ನ, ಸಾಲನ್ನಲ್ಲ. 8 ಒಂದೇ ಸಾಲಲ್ಲಿ ಬೇಡ. 3, 3, 2 ಅಂತ ಮಧ್ಯೆ ಜಾಗ ಬಿಡಿ. ಪೂರ್ತಿ ಕತ್ತಲು ಮಾಡೋ ಬಟನ್ ಉಳಿದ ಮೂರರ ಪಕ್ಕ ಇರಲೇಬಾರದು. ಎಡ ಮೂಲೆಗೆ ಹಾಕಿ, ಸುತ್ತ ಸ್ವಲ್ಪ ತೋಡಿ ತಗ್ಗಿಸಿ.

ಫೇಡರ್ ಬಿಟ್ಟು ನಾಬ್ ಆರಿಸಿದ್ದು ಒಳ್ಳೇದಾಯ್ತು. ಜಾತ್ರೆ ಮೈದಾನದಲ್ಲಿ ಶೋ ಇದ್ದರೆ ಫೇಡರ್ ಸಂದಿಗೆ ಧೂಳು ಇಳಿದೇ ಇಳಿಯುತ್ತೆ.

ಹಾಸನದ_ಪರದೆ:
ರಟ್ಟಿನ ಐಡಿಯಾ ಸೂಪರ್. ಪ್ರೊ ಮೈಕ್ರೊಗೆ ಒಂದೇ ಪಾಟ್ ಹಾಕಿ ನೋಡಿದೆ. ನಾಬ್ ಮುಟ್ಟದೇ ಇದ್ದರೂ ಬೆಲೆ 63, 64, 63 ಅಂತ ಕುಣೀತಿದೆ. ಪರದೆ ಮೇಲೆ ಚಿತ್ರ ನಡುಗುತ್ತೆ. ಇನ್ನೊಂದು, ನಾಬ್‌ಗಳನ್ನು ಚನ್ನಪಟ್ಟಣದಲ್ಲಿ ಹಾಲೆ ಮರದಲ್ಲಿ ಅರಗಿನ ಬಣ್ಣ ಹಾಕಿ ಕಡೆಸಬಹುದಾ?

ಗಿರಿಸಾಲಿನ_ಬಡಗಿ (ಚಿಕ್ಕಮಗಳೂರು):
ಬೋರ್ಡ್ ಓದೋದು 0ಯಿಂದ 1023, ಮಿಡಿ ಕಳಿಸೋದು 0ಯಿಂದ 127. ಅಂದರೆ 8 ಮೆಟ್ಟಿಲಿಗೆ ಒಂದು. ನಾಬ್ ಆ ಗಡಿಯ ಮೇಲೇ ನಿಂತರೆ ಹೀಗೆ ಅತ್ತಿತ್ತ ಆಗುತ್ತೆ. ಹಿಂದೆ ಕಳಿಸಿದಾಗ ಓದಿದ್ದಕ್ಕಿಂತ 8ಕ್ಕೂ ಜಾಸ್ತಿ ಬದಲಾದರೆ ಮಾತ್ರ ಹೊಸದು ಕಳಿಸು ಅಂತ ಬರೆಯಿರಿ, ಎರಡು ತುದಿಗೆ ಮಾತ್ರ ವಿನಾಯಿತಿ ಕೊಡಿ. ಪಾಟ್‌ನ ನಡು ಕಾಲಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಹಾಗೇ ಯಾವುದಾದರೂ ಎರಡು ಬಟನ್ ಒಟ್ಟಿಗೆ ಒತ್ತಿದರೆ 8 ನಾಬ್‌ಗಳ ಈಗಿನ ಬೆಲೆಯನ್ನೂ ಕಳಿಸುವಂತೆ ಮಾಡಿಕೊಳ್ಳಿ. ಲ್ಯಾಪ್‌ಟಾಪ್ ಮಧ್ಯೆ ಕೈಕೊಟ್ಟು ಮತ್ತೆ ಶುರುವಾದಾಗ ನಾಬ್ ಇರೋದು ಒಂದು ಕಡೆ, ತಂತ್ರಾಂಶ ಇರೋದು ಇನ್ನೊಂದು ಕಡೆ ಆಗಿರುತ್ತೆ.

ಹಾಲೆ ಮರ ಧಾರಾಳವಾಗಿ ಆಗುತ್ತೆ, ಕಡೆಯೋಕೆ ಹಗುರ. ಆದರೆ ಪಾಟ್‌ನ ದಂಡಕ್ಕೆ ಮರವನ್ನೇ ನೇರ ಒತ್ತಿ ಕೂರಿಸಬೇಡಿ, ಸೀಳುತ್ತೆ. ಅಗ್ಗದ ಪ್ಲಾಸ್ಟಿಕ್ ನಾಬ್ ತಂದು, ಅದರ ಹೊರಮೈ ಉಪ್ಪು ಕಾಗದದಲ್ಲಿ ಉಜ್ಜಿ, ಮರದ ನಾಬ್ ಒಳಗೆ ಅರಾಲ್ಡೈಟ್ ಹಾಕಿ ಅಂಟಿಸಿ. ಕಡೆಯುವವರಿಗೆ ಆ ಪ್ಲಾಸ್ಟಿಕ್ ನಾಬನ್ನೇ ಕೈಗೆ ಕೊಡಿ, ಫೋನಿನಲ್ಲಿ ಅಳತೆ ಹೇಳಬೇಡಿ.

ಲೈಟ್_ಪಾಪಣ್ಣ:
ಮೂರು ಗುಂಪಿಗೆ ಮೂರು ಆಕಾರ ಕಡೆಸಿ. ಬಣ್ಣ ಕತ್ತಲಲ್ಲಿ ಕಾಣಲ್ಲ.