ನಾರ್ವೆ ಕಾರು ಪ್ರವಾಸ: ರಾತ್ರಿ ಎಲ್ಲೆಲ್ಲಿ ಉಳಿದರೆ ಚೆನ್ನ? ಅನುಭವ ಹೇಳಿ

ಕೇಳಿದವರು, ಬೆಂಗಳೂರು

ನಮಸ್ಕಾರ. ಬರುವ ಜೂನ್ ಕೊನೆಯಲ್ಲಿ ನಾವಿಬ್ಬರು, ಜೊತೆಗೆ ಅಪ್ಪ ಅಮ್ಮ, ಬರ್ಗೆನ್‌ನಲ್ಲಿ ಕಾರು ತಗೊಂಡು ನಿಧಾನವಾಗಿ ಓಲೆಸುಂಡ್ ತನಕ ಹೋಗಬೇಕು ಅಂತಿದ್ದೇವೆ. ರಸ್ತೆ ಬಗ್ಗೆ ಬೇಕಾದಷ್ಟು ಓದಿದ್ದೇವೆ, ಆದರೆ ಉಳಿಯುವ ಜಾಗ ಆರಿಸೋದೇ ಕಷ್ಟವಾಗಿದೆ. ದೊಡ್ಡ ಊರುಗಳ ಹೋಟೆಲ್ ಎಲ್ಲಾ ಒಂದೇ ಥರ ಕಾಣ್ತಿವೆ. ವರ್ಷಗಳ ಮೇಲೂ ನೆನಪಿರುವಂಥ ಜಾಗ ಬೇಕು, ತುಂಬಾ ದುಬಾರಿ ಆಗಬಾರದು. ನಾವು ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ, ಓಸ್ಲೋದಿಂದ

ಮೊದಲು ಒಂದು ಮಾತು. ಹೋಟೆಲ್ ಫೋಟೋ ನೋಡಿ ಆರಿಸಬೇಡಿ, ಸಂಜೆ ನೋಡಿ ಆರಿಸಿ. ಜೂನ್ ಕೊನೆಯಲ್ಲಿ ನೀವು ಹೋಗುವ ಭಾಗದಲ್ಲಿ ರಾತ್ರಿ ಹತ್ತೂವರೆ ದಾಟಿದರೂ ಬೆಳಕಿರುತ್ತದೆ. ಬಸ್ಸಲ್ಲಿ ಬಂದವರು, ದೊಡ್ಡ ಕ್ರೂಸ್ ಹಡಗಲ್ಲಿ ಬಂದವರು ಅಷ್ಟೊತ್ತಿಗೆ ವಾಪಸ್ ಹೋಗಿರುತ್ತಾರೆ, ಹಗಲು ಜಾತ್ರೆಯಂತಿದ್ದ ಊರು ಸಂಜೆ ಏಳರ ಹೊತ್ತಿಗೆ ಅಲ್ಲೇ ಉಳಿದವರಿಗೆ ಮಾತ್ರ ಸಿಗುತ್ತದೆ. ಅದಕ್ಕೇ ಮಧ್ಯಾಹ್ನ ಮೂರು ನಾಲ್ಕಕ್ಕೆಲ್ಲ ಕಾರು ನಿಲ್ಲಿಸಿಬಿಡಿ. ಪ್ರವಾಸದ ಅತಿ ಒಳ್ಳೆಯ ಹೊತ್ತು ಆಮೇಲೆ ಶುರುವಾಗುತ್ತದೆ.

ಬರ್ಗೆನ್ ಬಿಟ್ಟ ಮೇಲೆ ಎಲ್ಲರೂ ಫ್ಲೋಮ್‌ನಲ್ಲಿ ಉಳಿಯುತ್ತಾರೆ, ಬೆಟ್ಟ ಹತ್ತುವ ಹೆಸರಾಂತ ರೈಲು ಅಲ್ಲಿದೆಯಲ್ಲ. ರೈಲು ಹತ್ತಿ, ತಪ್ಪಿಲ್ಲ, ಆದರೆ ರಾತ್ರಿಗೆ ಪಕ್ಕದ ಔರ್ಲಾಂಡ್‌ಗೆ ಹೋಗಿ. ಕಾರಲ್ಲಿ ಕೆಲವೇ ನಿಮಿಷ. ಅಲ್ಲಿಂದ ಮೇಲೆ ಹತ್ತಿದರೆ ಸ್ಟೇಗಸ್ಟೈನ್ ಅನ್ನೋ ವೀಕ್ಷಣಾ ಕಟ್ಟೆ, ನೀರಿನಿಂದ 650 ಮೀಟರ್ ಎತ್ತರ. ಹಗಲು ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ. ಕೆಳಗಿನ ಊರಲ್ಲೇ ಉಳಿದಿದ್ದರೆ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಆರಾಮಾಗಿ ಹೋಗಬಹುದು. ಮರುದಿನ ಅದೇ ರಸ್ತೆಯಲ್ಲಿ ಬೆಟ್ಟ ದಾಟಿ ಲಾರ್ಡಾಲ್‌ಗೆ ಇಳಿಯಿರಿ, ಜೂನ್‌ನಲ್ಲೂ ರಸ್ತೆ ಬದಿ ಹಿಮ ಇರುತ್ತದೆ. ಹವಾಮಾನ ಕೆಟ್ಟರೆ ಕೆಳಗೆ 24.5 ಕಿಲೋಮೀಟರ್ ಉದ್ದದ ಸುರಂಗ ಇದ್ದೇ ಇದೆ.

ನನ್ನನ್ನು ಕೇಳಿದರೆ ಈ ದಾರಿಯಲ್ಲಿ ಉಳಿಯಲೇಬೇಕಾದ ಊರು ಸೋಲ್ವೋರ್ನ್. ಸೋಗ್ನೆಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿರುವ ಕಡಲು, ಅದರ ಒಂದು ಕವಲಿನ ದಡದಲ್ಲಿ ಬಿಳಿ ಮರದ ಮನೆಗಳಿರುವ ಪುಟ್ಟ ಹಳ್ಳಿ, ಸುಮಾರು ಪ್ರವಾಸಿಗಳು ಹೆದ್ದಾರಿಯಲ್ಲೇ ಮುಂದೆ ಹೋಗಿಬಿಡುತ್ತಾರೆ. ಅಲ್ಲಿನ ವಾಲಾಕರ್ ಹೋಟೆಲನ್ನು ಒಂದೇ ಮನೆತನ 1690ರಿಂದ ನಡೆಸುತ್ತಿದೆ. ಅದು ಅಗ್ಗವಲ್ಲ. ಆದರೆ ಒಂದು ರಾತ್ರಿಗೆ ಕೈ ಬಿಚ್ಚಿ ಖರ್ಚು ಮಾಡೋದಾದರೆ ಅದು ಇಲ್ಲೇ ಆಗಲಿ. ಬೇಡ ಅಂದರೆ ಅದೇ ದಡದಲ್ಲಿ ಬಾಡಿಗೆ ಮನೆ ಹುಡುಕಿ. ಬೆಳಿಗ್ಗೆ ಮೊದಲ ದೋಣಿ ಹತ್ತಿ ಎದುರು ದಡದ ಊರ್ನೆಸ್‌ಗೆ ಹೋಗಿ, ಇಪ್ಪತ್ತು ನಿಮಿಷದ ಹಾದಿ. ಅಲ್ಲಿನ ಮರದ ಚರ್ಚು ಹನ್ನೆರಡನೇ ಶತಮಾನದ್ದು, 1979ರಲ್ಲೇ ಯುನೆಸ್ಕೋ ಪಟ್ಟಿ ಸೇರಿದೆ. ಬಡಗಣ ಗೋಡೆಯ ಕೆತ್ತನೆಯಲ್ಲಿ ಪ್ರಾಣಿಯೂ ಬಳ್ಳಿಯೂ ಒಂದಕ್ಕೊಂದು ಹೆಣೆದುಕೊಂಡಿರೋದನ್ನು ಅವಸರ ಇಲ್ಲದೆ ನೋಡಬೇಕು. ದೂರದ ಊರಲ್ಲಿ ಉಳಿದವರಿಗೆ ಈ ಸಮಾಧಾನ ಸಿಗಲ್ಲ.

ಮುಂದೆ ಸೋಗ್ನೆಫ್ಯೆಲ್ ಬೆಟ್ಟದ ರಸ್ತೆ, 1434 ಮೀಟರ್ ತನಕ ಏರುತ್ತದೆ. ದಾಟಿ ಲೋಮ್‌ನಲ್ಲಿ ಇಳಿಯಿರಿ, ಅಲ್ಲಿನ ಬೇಕರಿ ಬಿಡಬೇಡಿ. ಗೈರಾಂಗರ್‌ನಲ್ಲಿ ಎರಡು ರಾತ್ರಿ ಇರಿ. ಊರ ಮಧ್ಯೆ ಬೇಡ, ಸ್ವಲ್ಪ ಆಚೆ ಹೋಮ್ಲಾಂಗ್ ಕಡೆ ನೀರಿನ ಅಂಚಿನಲ್ಲಿ ಮರದ ಕ್ಯಾಬಿನ್‌ಗಳು ಸಿಗುತ್ತವೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಈ ಕಣಿವೆಗಳು ಎಷ್ಟು ಕಡಿದಾಗಿವೆ ಅಂದರೆ ಒಂದು ದಡದಲ್ಲಿ ಸಂಜೆ ಬಿಸಿಲು ಹೊಡೆಯುತ್ತಿರುವಾಗ ಇನ್ನೊಂದು ದಡ ಬೆಟ್ಟದ ನೆರಳಲ್ಲಿ ತಣ್ಣಗಿರುತ್ತದೆ. ಬುಕ್ ಮಾಡುವ ಮುಂಚೆ ಮ್ಯಾಪ್ ತೆಗೆದು ಮನೆಯ ಪಡುವಣಕ್ಕೆ ಏನಿದೆ ನೋಡಿ. ನೀರಿದ್ದರೆ ಒಳ್ಳೆಯದು, ಬೆಟ್ಟದ ಗೋಡೆ ಇದ್ದರೆ ಬೇರೆ ಹುಡುಕಿ.

ಉತ್ತರ, ಮೈಸೂರಿನಿಂದ

ನಾವೂ ಅತ್ತೆ ಮಾವನ ಜೊತೆ ಹೋಗಿದ್ದೆವು, ಅದಕ್ಕೇ ಬರೀತಿದ್ದೇನೆ. ಮೇಲೆ ಹೇಳಿದ ಮರದ ಕ್ಯಾಬಿನ್‌ಗಳೇ ನಿಮಗೆ ಸರಿ. ಕ್ಯಾಂಪಿಂಗ್ ಅಂತ ಬರೆದಿರುತ್ತದೆ, ಟೆಂಟು ಅಂದುಕೊಂಡು ಬಿಟ್ಟುಬಿಡಬೇಡಿ, ಅದೇ ಆವರಣದಲ್ಲಿ ಅಡುಗೆಮನೆ ಇರುವ ಪುಟ್ಟ ಮನೆಗಳೂ ಇರುತ್ತವೆ. ಹೋಟೆಲ್‌ಗಿಂತ ಎಷ್ಟೋ ಕಡಿಮೆ ಖರ್ಚು, ಜಾಗ ಮಾತ್ರ ಹೋಟೆಲ್‌ಗಿಂತ ಚೆನ್ನಾಗಿರುತ್ತದೆ.

ಆದರೆ ಮೂರು ವಿಷಯ ಓದಿಯೇ ದುಡ್ಡು ಕಟ್ಟಿ. ಶೌಚಾಲಯ ಕ್ಯಾಬಿನ್ ಒಳಗಿದೆಯೋ ಹೊರಗೆ ಎಲ್ಲರ ಜೊತೆಗೋ. ಹಾಸಿಗೆ ಬಟ್ಟೆ, ಟವೆಲ್ ಅವರೇ ಕೊಡುತ್ತಾರೋ ಬೇರೆ ಬಾಡಿಗೆಯೋ. ಹೊರಡುವಾಗ ನೀವೇ ಗುಡಿಸಿ ಒರೆಸಬೇಕೋ ಅದಕ್ಕೂ ಹಣವೋ. ಜೊತೆಗೆ ಮಂಚ. ತುಂಬಾ ಕಡೆ ಒಂದರ ಮೇಲೊಂದು ಮಂಚ ಇರುತ್ತವೆ, ಕೋಣೆಯೂ ಚಿಕ್ಕದು, ಮಂಡಿ ನೋವಿರುವ ಹಿರಿಯರಿಗೆ ಕಷ್ಟ. ಫೋಟೋದಲ್ಲಿ ಕಾಣದಿದ್ದರೆ ಮೇಲ್ ಬರೆದು ಕೇಳಿ. ನಾವು ಕೇಳಿದಾಗಲೆಲ್ಲ ನೇರವಾಗಿ ಉತ್ತರ ಕೊಟ್ಟಿದ್ದಾರೆ.

ಊಟದ ಚಿಂತೆ ಬೇಡ. ಅಕ್ಕಿ, ಬೇಳೆ, ತರಕಾರಿ, ಮೊಸರು ಎಲ್ಲಾ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲಿಂದ ಸಾರಿನ ಪುಡಿ, ಹುಣಸೆಹಣ್ಣು, ಚಟ್ನಿಪುಡಿ, ಅವಲಕ್ಕಿ ಇದ್ದರೆ ಸಾಕು. ತುಪ್ಪ ಮತ್ತೆ ಹಾಲಿನ ತಿಂಡಿ ತರಬೇಡಿ, ಭಾರತದಿಂದ ಹಾಲಿನ ಪದಾರ್ಥ ಒಯ್ಯೋಕೆ ಅಲ್ಲಿ ಬಿಡಲ್ಲ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿಡಿ, ಹೊಗೆಗೆ ಅಲಾರಂ ಕೂಗುತ್ತದೆ. ಭಾನುವಾರ ಅಂಗಡಿಗಳು ಹೆಚ್ಚುಕಮ್ಮಿ ಮುಚ್ಚಿರುತ್ತವೆ, ಶನಿವಾರವೇ ತುಂಬಿಸಿಕೊಳ್ಳಿ. ಹಿರಿಯರಿಗೆ ಕಣ್ಣುಪಟ್ಟಿ ಕೊಡಿ, ರಾತ್ರಿ ಬೆಳಕಿಗೆ ನಿದ್ದೆ ಬರಲ್ಲ.

ಸಂಜೆ ಕಟ್ಟೆ ಮೇಲೆ ಕೂತು ಬಿಸಿ ಅನ್ನ, ಸಾರು ತಿಂತಾ ಎದುರಿನ ಬೆಟ್ಟದಿಂದ ನೀರು ಬೀಳೋದನ್ನು ನೋಡ್ತಿದ್ದೆವು. ನಮ್ಮ ಮಾವ ಇವತ್ತಿಗೂ ಮಾತಾಡೋದು ಅದನ್ನೇ.

ಉತ್ತರ, ಉಡುಪಿಯಿಂದ

ನೀವು ಈ ಸಲ ಹೋಗಲ್ಲ ಗೊತ್ತು, ಆದರೂ ಉತ್ತರ ನಾರ್ವೆಯ ಲೋಫೋಟನ್ ದ್ವೀಪಗಳ ಹೆಸರು ಇಲ್ಲಿ ಬರಲೇಬೇಕು. ಅಲ್ಲಿ ರೋರ್ಬು ಅಂತ ಮೀನುಗಾರರ ಮನೆಗಳು, ಕಂಬಗಳ ಮೇಲೆ ಅರ್ಧ ನೀರಿಗೆ ಚಾಚಿಕೊಂಡಿರುತ್ತವೆ, ಕೆಂಪು ಬಣ್ಣ. ಚಳಿಗಾಲದಲ್ಲಿ ಕಾಡ್ ಅನ್ನೋ ಕಡಲ ಮೀನು ಹಿಡಿಯಲು ದೂರದಿಂದ ಬರುತ್ತಿದ್ದವರಿಗೆ ಕಟ್ಟಿದ್ದು, ಈಗ ಬಾಡಿಗೆಗೆ ಕೊಡುತ್ತಾರೆ. ಹೊಸದಾಗಿ ಪ್ರವಾಸಿಗಳಿಗೇ ಕಟ್ಟಿದವೂ ಇವೆ. ಹಳೆಯದು ಬೇಕಿದ್ದರೆ ನೂಸ್‌ಫ್ಯೋರ್ಡ್ ಅಥವಾ ರೈನೆ, ಹಾಮ್ನೊಯ್ ಕಡೆ ಹುಡುಕಿ. ಕಡಲ ತೀರದಲ್ಲಿ ಹುಟ್ಟಿದ ನನಗೆ ಮಲ್ಪೆಯಲ್ಲಿ ಒಣಮೀನಿನ ವಾಸನೆ ಗೊತ್ತು, ಅಲ್ಲೂ ಮರದ ಚಪ್ಪರದ ಮೇಲೆ ಸಾಲು ಸಾಲಾಗಿ ಮೀನು ಒಣಗ್ತಿರುತ್ತದೆ. ಉಪ್ಪು ಹಾಕಲ್ಲ, ಫೆಬ್ರವರಿಯಿಂದ ಮೇ ತನಕ ತಣ್ಣನೆ ಗಾಳಿಗೇ ಒಣಗುತ್ತದೆ. ಸಸ್ಯಾಹಾರಿಗಳು ಆ ತಿಂಗಳುಗಳಲ್ಲಿ ಚಪ್ಪರದ ಪಕ್ಕದ ಮನೆ ಹಿಡಿಯಬೇಡಿ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಸೋಲ್ವೋರ್ನ್ ಹೆಸರು ಕೇಳಿರಲೇ ಇಲ್ಲ, ಅದು ಖಾಯಂ. ಗೈರಾಂಗರ್ ಆದ ಮೇಲೆ ಟ್ರೋಲ್‌ಸ್ಟೀಗನ್ ಅನ್ನೋ ತಿರುವುಗಳ ಬೆಟ್ಟದ ರಸ್ತೆ ಕೆಳಗೆ ಬುಕ್ ಮಾಡಬಹುದಾ? ಕೊನೆಯ ರಾತ್ರಿ ಓಲೆಸುಂಡ್‌ನಲ್ಲಿ ಎಲ್ಲಿ?

ಉತ್ತರ, ಓಸ್ಲೋದಿಂದ

ಟ್ರೋಲ್‌ಸ್ಟೀಗನ್ ನಂಬಿಕೊಂಡು ಬುಕ್ ಮಾಡಬೇಡಿ. 2024ರಲ್ಲಿ ಬಂಡೆ ಬೀಳುವ ಅಪಾಯ ಅಂತ ಬೇಸಿಗೆಯ ಬಹುಪಾಲು ಮುಚ್ಚಿದ್ದರು. ಬೆಟ್ಟದ ಈಚೆ ಇರುವ ವಾಲ್ಡಾಲ್‌ನಲ್ಲಿ ಉಳಿಯಿರಿ. ಗೈರಾಂಗರ್‌ನಿಂದ ಹದ್ದಿನ ರಸ್ತೆ ಹತ್ತಿ, ಐಡ್ಸ್‌ಡಾಲ್‌ನಲ್ಲಿ ದೋಣಿಗೆ ಕಾರು ಹಾಕಿ ದಾಟಿದರೆ ಅದೇ ಊರು. ರಸ್ತೆ ತೆರೆದಿದ್ದರೆ ಸಂಜೆ ಹನ್ನೊಂದು ತಿರುವುಗಳನ್ನೂ ನೋಡಿ ವಾಪಸ್ ಬನ್ನಿ. ಮುಚ್ಚಿದ್ದರೆ ನೀರಿನ ಅಂಚಿನ ರಸ್ತೆಯಲ್ಲೇ ನೇರ ಓಲೆಸುಂಡ್‌ಗೆ ಹೋಗಬಹುದು, ಏನೂ ಕೆಡಲ್ಲ. ವಾಲ್ಡಾಲ್ ಸ್ಟ್ರಾಬೆರಿಗೆ ಹೆಸರುವಾಸಿ. ಅಲ್ಲೇ ಯುವೆಟ್ ಅಂತ ಗಾಜಿನ ಗೋಡೆಯ ಕೋಣೆಗಳು ಕಾಡಿನಲ್ಲಿ ಹರಡಿರುವ ಹೋಟೆಲ್ ಇದೆ, ಭಾರೀ ದುಬಾರಿ, ನಾಲ್ವರಿಗೆ ನಾನು ಹೇಳಲ್ಲ.

ಓಲೆಸುಂಡ್‌ನಲ್ಲಿ ಹಳೆ ಊರೊಳಗೇ ಇರಿ, ದೂರದ್ದು ಅಗ್ಗ ಅಂತ ಹೋಗಬೇಡಿ. 1904ರಲ್ಲಿ ಊರು ಬೆಂಕಿಗೆ ಸುಟ್ಟುಹೋದ ಮೇಲೆ ಕೆಲವೇ ವರ್ಷಗಳಲ್ಲಿ ಒಂದೇ ಶೈಲಿಯಲ್ಲಿ ಮತ್ತೆ ಕಟ್ಟಿದ್ದು, ಬೀದಿ ಬೀದಿ ಸುತ್ತಬೇಕು. ಅಲ್ಲಿನ ಒಂದು ಹೋಟೆಲ್ ಬಂದರಿನ ಬಾಯಲ್ಲಿರುವ ಪುಟ್ಟ ದೀಪಸ್ತಂಭವನ್ನೇ 47ನೇ ನಂಬರಿನ ಕೋಣೆ ಮಾಡಿದೆ. ಇಬ್ಬರಿಗಷ್ಟೇ ಜಾಗ, ದುಡ್ಡೂ ಜಾಸ್ತಿ. ಬೇಕಿದ್ದರೆ ಈಗಲೇ ಕೇಳಿ. ಸೋಲ್ವೋರ್ನ್, ಗೈರಾಂಗರ್ ಎರಡನ್ನೂ ಈ ವಾರವೇ ಬುಕ್ ಮಾಡಿ, ದುಡ್ಡು ವಾಪಸ್ ಬರುವ ದರದಲ್ಲೇ ತಗೊಳ್ಳಿ, ಉಳಿದದ್ದು ಆಮೇಲೆ.