ಪದಚರ್ಚೆ: ಕಾರಿನ ಸ್ಕ್ಯಾನರಿನಲ್ಲಿ ‘ಕ್ಲಿಯರ್’ ಅಂದರೆ ಏನು?

ಗೆಳೆಯರಿಗೆ ನಮಸ್ಕಾರ,

ಹಾಸನದಲ್ಲಿರುವ ನಮ್ಮ ಭಾವ ನನಗೊಂದು ಕೆಲಸ ಹಚ್ಚಿದ್ದಾರೆ. ಅವರದು 2014ರ ಪೆಟ್ರೋಲ್ ಕಾರು. ಇಂಜಿನ್ ಲೈಟ್ ಬಂದಾಗ ತಾವೇ ಹಾಕಿ ನೋಡಿಕೊಳ್ಳೋಕೆ ಕೈಯಲ್ಲಿ ಹಿಡಿಯುವಂಥ ಒಂದು ಸ್ಕ್ಯಾನರ್ ಬೇಕಂತೆ. ಜಾಸ್ತಿ ದುಡ್ಡು ಹಾಕಲ್ಲವಂತೆ. “ಯಾವುದು ತಗೊಳ್ಳಲಿ, ಹೇಗೆ ನೋಡಲಿ, ಎಲ್ಲಾ ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡು” ಅಂದರು. ಸ್ಕ್ಯಾನರ್ ಆರಿಸೋದು ಒಂದು ಸಂಜೆಯಲ್ಲಿ ಮುಗಿಯಿತು. ಹಾಳೆ ಮಾತ್ರ ಹತ್ತು ದಿನವಾದರೂ ಮುಗಿದಿಲ್ಲ.

ಮೊದಲು ಸಾಮಾನಿನ ಹೆಸರು. ಇಂಗ್ಲಿಷಿನಲ್ಲಿ ಡಯಾಗ್ನೋಸ್ಟಿಕ್ ಸ್ಕ್ಯಾನರ್. ನಿಘಂಟು ತೆಗೆದರೆ ಡಯಾಗ್ನೋಸಿಸ್‌ಗೆ ‘ರೋಗನಿದಾನ’ ಇದೆ. ಸರಿ ಅಂತ ‘ನಿದಾನ ಯಂತ್ರ’ ಎಂದು ಬರೆದೆ. ಮಗಳು ಓದಿ, “ಯಾಕಪ್ಪಾ, ಅಷ್ಟು ಸ್ಲೋನಾ ಇದು?” ಅಂದಳು. ಕಾಗದದ ಮೇಲೆ ನಿದಾನ ಬೇರೆ, ನಿಧಾನ ಬೇರೆ. ನಾಲಿಗೆ ಮೇಲೆ ಎರಡೂ ಒಂದೇ. ಹೊಡೆದುಹಾಕಿದೆ.

ಕೈಯಲ್ಲಿ ಹಿಡಿಯೋದು ಅನ್ನೋದಕ್ಕೂ ಪದ ಹುಡುಕಿದೆ. ನೋಡಿದರೆ ನಮ್ಮಲ್ಲಿ ಆಗಲೇ ಇದೆ: ಕೈಪಿಡಿ. ಪಿಡಿ ಅಂದರೆ ಹಳಗನ್ನಡದ ಹಿಡಿ. ಆದರೆ ಅದನ್ನು ಪುಸ್ತಕಕ್ಕೆ ಕೊಟ್ಟುಬಿಟ್ಟಿದ್ದೇವೆ. ಕೈಗನ್ನಡಿ ಅನ್ನೋದನ್ನೂ ‘ಇದಕ್ಕೆ ಸಾಕ್ಷಿ’ ಅನ್ನೋ ಅರ್ಥಕ್ಕೆ ಬಿಟ್ಟುಕೊಟ್ಟಾಯಿತು. ಇನ್ನು ಕೈಸ್ಕ್ಯಾನರ್ ಅಂದರೆ ಕೈಯನ್ನೇ ಸ್ಕ್ಯಾನ್ ಮಾಡುತ್ತೆ ಅನ್ನಿಸಲ್ವಾ? ಕೊನೆಗೆ ‘ಸ್ಕ್ಯಾನರ್’ ಅಂತಲೇ ಇಟ್ಟೆ. ಗ್ಯಾರೇಜಿನವರು ಅದನ್ನು ಯಾವತ್ತೋ ಕನ್ನಡ ಮಾಡಿಕೊಂಡಿದ್ದಾರೆ. ಕ್ರಿಯಾಪದ ಗಮನಿಸಿ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ‘ಮಾಡಿಸ್ತೀವಿ’. ಅಂಗಡಿಯಲ್ಲಿ ದುಡ್ಡು ಕೊಡೋಕೆ ಸ್ಕ್ಯಾನ್ ‘ಮಾಡ್ತೀವಿ’. ಗ್ಯಾರೇಜಿನಲ್ಲಿ ಮಾತ್ರ “ಸ್ಕ್ಯಾನರ್ ಹಾಕಿ ನೋಡೋಣ ಸಾರ್”. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಒಂದು 16 ಪಿನ್ನಿನ ಸಾಕೆಟ್ ಇರುತ್ತೆ. ಮೊರದ ಹಾಗೆ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಅದಕ್ಕೆ ಹಾಕೋದೇ ಕೆಲಸ, ಹಾಗಾಗಿ ‘ಹಾಕು’. ಇಷ್ಟು ಸರಿಯಾಗಿ ಕೂತಿರೋ ಮಾತನ್ನು ನಾನು ಯಾಕೆ ಕೀಳಲಿ?

ಹಾಗೇ ‘ಕೋಡ್’, ಅಂದರೆ ಏನು ತೊಂದರೆ ಅಂತ ಕಾರಿನ ಕಂಪ್ಯೂಟರ್ ಬರೆದಿಡುವ ಸಂಕೇತ. ಇದನ್ನೂ ಮುಟ್ಟಿಲ್ಲ. ಭಾವನ ಅಮ್ಮ ಮಾತ್ರ “ಕಾರಿಗೆ ಕೋಡು ಬಂದಿದೆ” ಅಂತ ಕೇಳಿಸಿಕೊಂಡು ಎರಡು ದಿನ ನಕ್ಕರಂತೆ.

ನಿಜವಾದ ತೊಡಕು ‘ಕ್ಲಿಯರ್’. ಇದಕ್ಕೆ ಒಂದು ಕತೆ ಇದೆ.

ಹೋದ ವರ್ಷ ನನ್ನ ಕಾರಿನಲ್ಲೇ ಇಂಜಿನ್ ಲೈಟ್ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿ ಸಣ್ಣಗೆ ನಡುಗುತ್ತಿತ್ತು. ಬೆಂಗಳೂರಿನ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಸ್ಕ್ಯಾನರ್ ಹಾಕಿದ, ಎರಡು ಬಟನ್ ಒತ್ತಿದ. “ಕ್ಲಿಯರ್ ಆಯ್ತು ಸಾರ್” ಅಂದ. ಲೈಟ್ ಹೋಗಿತ್ತು. ಐನೂರು ರೂಪಾಯಿ ಕೊಟ್ಟು ಖುಷಿಯಾಗಿ ಬಂದೆ. ಆ ಭಾನುವಾರ ಹಾಸನಕ್ಕೆ ಹೊರಟರೆ ಯಡಿಯೂರು ದಾಟುವಷ್ಟರಲ್ಲಿ ಲೈಟ್ ಮತ್ತೆ ಬಂತು. ಈ ಸಲ ಸುಮ್ನೆ ಉರಿಯಲಿಲ್ಲ, ಮಿಟುಕಿಸಿತು. ಮಿಟುಕಿಸಿದರೆ ಉದಾಸೀನ ಮಾಡಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಡಬಹುದು. ಪಕ್ಕಕ್ಕೆ ಹಾಕಿ ನಿಲ್ಲಿಸಿ, ಚನ್ನರಾಯಪಟ್ಟಣದಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ.

ಅವನು ಶಬ್ದ ಕೇಳಿಯೇ “ಮಿಸ್ಸಿಂಗ್ ಹೊಡೀತಿದೆ” ಅಂದ. (ಈ ‘ಮಿಸ್ಸಿಂಗ್’ ಇಂಗ್ಲಿಷಿನದೇ, ‘ಹೊಡಿ’ ಸೇರಿಸಿದ್ದು ನಾವು. ಯಾರಾದರೂ ನಿಘಂಟಿಗೆ ಸೇರಿಸಿ.) ಸ್ಕ್ಯಾನರ್ ಹಾಕಿದ. ಪಿ0301. ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಕೋಡ್ ಅಷ್ಟೇ ಹೇಳುತ್ತೆ. ಕಿಡಿ ಹಚ್ಚುವ ಪ್ಲಗ್ಗೋ, ಅದಕ್ಕೆ ಕರೆಂಟ್ ಕೊಡುವ ಕಾಯಿಲ್ಲೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ರೋ ಅಂತ ಹೇಳಲ್ಲ. ಅವನು ಒಂದನೇ ಸಿಲಿಂಡರಿನ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ ಹಾಕಿದ, ಮೂರನೆಯದನ್ನು ಒಂದಕ್ಕೆ ತಂದ. ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ, ಮತ್ತೆ ಹಾಕಿದ. ಪಿ0303. “ನೋಡಿ, ಕಾಯಿಲ್ ಜೊತೆಗೇ ಹೋಯ್ತು” ಅಂದ. ಹೊಸ ಕಾಯಿಲ್ ಹಾಕಿದ ಮೇಲೆ ಇವತ್ತಿನವರೆಗೆ ಲೈಟ್ ಬಂದಿಲ್ಲ.

ಈಗ ನೋಡಿ, ಬೆಂಗಳೂರಿನ ಹುಡುಗ ಸುಳ್ಳು ಹೇಳಿರಲಿಲ್ಲ. ಅವನು ಕ್ಲಿಯರ್ ಮಾಡಿದ್ದು ಕೋಡನ್ನು. ನಾನು ಕೇಳಿಸಿಕೊಂಡಿದ್ದು ತೊಂದರೆ ಕ್ಲಿಯರ್ ಅಂತ. ನಮ್ಮ ಕನ್ನಡದ ಕ್ಲಿಯರ್ ಹಾಗೇ ಇದೆಯಲ್ಲ! ಸಾಲ ಕ್ಲಿಯರ್ ಅಂದರೆ ಸಾಲ ತೀರಿತು. ಪರೀಕ್ಷೆ ಕ್ಲಿಯರ್ ಅಂದರೆ ಪಾಸಾಯಿತು. ರೋಡ್ ಕ್ಲಿಯರ್ ಅಂದರೆ ಅಡ್ಡ ಇದ್ದಿದ್ದು ಹೋಯಿತು. ಎಲ್ಲಾ ಕಡೆ ಕೆಲಸ ಮುಗಿದ ಅರ್ಥ. ಸ್ಕ್ಯಾನರಿನಲ್ಲಿ ಮಾತ್ರ ಬರೆದಿದ್ದನ್ನು ಒರೆಸೋದು.

ಒರೆಸುವಾಗ ಇನ್ನೂ ಒಂದು ಹೋಗುತ್ತೆ. ತೊಂದರೆ ಆದ ಗಳಿಗೆಯಲ್ಲಿ ಗಾಡಿ ಎಷ್ಟು ವೇಗದಲ್ಲಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸುತ್ತು ತಿರುಗುತ್ತಿತ್ತು ಅಂತ ಕಾರಿನ ಕಂಪ್ಯೂಟರ್ ಬರೆದಿಟ್ಟಿರುತ್ತೆ. ಇಂಗ್ಲಿಷಿನಲ್ಲಿ ಫ್ರೀಜ್ ಫ್ರೇಮ್. ‘ಹೆಪ್ಪುಗಟ್ಟಿದ ಚೌಕಟ್ಟು’ ಅಂತ ಬರೆದರೆ ಭಾವ ಮೊಸರಿನ ಪಾತ್ರೆ ತೆಗೆದು ನೋಡುತ್ತಾರೆ. ನನಗೆ ಹೊಳೆದ ಪದ ‘ಮಹಜರು’. ಕಳ್ಳತನವಾದ ಜಾಗಕ್ಕೆ ಬಂದು, ಏನು ಎಲ್ಲಿತ್ತು ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳೋದು ಅದೇ ಅಲ್ವಾ? ಆ ದಿಕ್ಕು ಹಿಡಿದ ಮೇಲೆ ಇನ್ನೊಂದೂ ಸಿಕ್ಕಿತು. ಪೆಂಡಿಂಗ್ ಕೋಡ್ ಅಂತ ಒಂದಿದೆ. ತೊಂದರೆ ಒಮ್ಮೆ ಕಂಡಿದೆ, ಕಂಪ್ಯೂಟರಿಗೆ ಇನ್ನೂ ಖಾತ್ರಿ ಇಲ್ಲ, ಲೈಟ್ ಹಚ್ಚಿಲ್ಲ. ‘ಬಾಕಿ ಕೋಡ್’ ಅಂದರೆ ಕರೆಂಟ್ ಬಿಲ್ಲಿನ ಹಾಗೆ ಕೇಳುತ್ತೆ. ‘ಗುಮಾನಿ’ ಅಂದರೆ ಹೇಗೆ? ಗುಮಾನಿ ಕೋಡ್, ಖಾತ್ರಿ ಕೋಡ್, ಮಹಜರು. ಪೊಲೀಸ್ ಠಾಣೆಯ ವಾಸನೆ ಬರುತ್ತೆ ನಿಜ. ಆದರೂ ಭಾವನಿಗೆ ಫೋನಿನಲ್ಲಿ ಹೇಳಿದೆ, ವಿವರಣೆ ಕೇಳದೆ ಹ್ಞೂಂ ಅಂದರು.

ಈ ಪದಗಳು ಸಿಕ್ಕ ಮೇಲೆ ಯಾವುದನ್ನು ಯಾಕೆ ಆರಿಸಿದೆ ಅಂತ ಹಾಳೆಯಲ್ಲಿ ಬರೆಯೋದೂ ಸಲೀಸಾಯಿತು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 ಹೊಗೆ ನಿಯಮದ ಹೊಸ ಕಾರುಗಳಿಗೆ ಓಬಿಡಿ-2 (ಕಾರಿನ ಕಂಪ್ಯೂಟರ್ ತೊಂದರೆ ಗುರುತಿಸಿ ಸ್ಕ್ಯಾನರಿಗೆ ತಿಳಿಸುವ ಏರ್ಪಾಡು) ಕಡ್ಡಾಯ. ಹಾಗಾಗಿ ಭಾವನ ಕಾರು ಬಿಎಸ್-4 ಆಗಿದ್ದರೆ ಸಾಮಾನ್ಯ ಸ್ಕ್ಯಾನರ್ ಸಾಕು. ಬರೀ ಕೋಡ್ ಓದಿ ಅಳಿಸೋದು ಅಗ್ಗ, ಆದರೆ ಅದು ಬೆಂಗಳೂರಿನ ಆ ಹುಡುಗ ಮಾಡಿದ್ದಷ್ಟನ್ನೇ ಮಾಡುತ್ತೆ. ಗುಮಾನಿ ಕೋಡ್ ಮತ್ತು ಮಹಜರು ತೋರಿಸಬೇಕು. ಇಂಜಿನ್ ಓಡುವಾಗಲೇ ಲೆಕ್ಕ ತೋರಿಸುವ ಲೈವ್ ಡೇಟಾ ಇರಬೇಕು. ಅದಕ್ಕಿಂತ ಮೇಲೆ ಹೋಗಿ ದುಡ್ಡು ಸುರಿಯೋದು ಬೇಡ. ಹಾಂ, ಅಗ್ಗದವು ಸಾಮಾನ್ಯವಾಗಿ ಇಂಜಿನ್ ಕೋಡಷ್ಟೇ ಓದುತ್ತವೆ. ಬ್ರೇಕಿನ ಎಬಿಎಸ್, ಏರ್‌ಬ್ಯಾಗ್ ಲೈಟ್ ಬಂದರೆ ಹೆಚ್ಚಿನವು ಕೈಕಟ್ಟಿ ಕೂರುತ್ತವೆ. ಮೊಬೈಲಿಗೆ ಜೋಡಿಸುವ ಡಾಂಗಲ್ ಇನ್ನೂ ಅಗ್ಗ. ಆದರೆ ಭಾವನಿಗೆ ಆಪ್ ಅಂದರೆ ಆಗಿಬರಲ್ಲ. ವೈರ್ ಇರುವ ಸ್ಕ್ಯಾನರಿಗೆ ಕಾರಿನ ಬ್ಯಾಟರಿಯಿಂದಲೇ ಕರೆಂಟ್ ಸಿಗುತ್ತೆ, ಚಾರ್ಜ್ ಮಾಡೋ ತಾಪತ್ರಯವಿಲ್ಲ.

‘ರೆಡಿನೆಸ್’ ಅನ್ನೋ ಒಂದು ಪುಟವೂ ಇರುತ್ತೆ. ಕೋಡ್ ಅಳಿಸಿದ ಮೇಲೆ ಕಾರು ತನ್ನ ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿಂದ ಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಅಲ್ಲಿ ‘ಇನ್ನೂ ಆಗಿಲ್ಲ’ ಅಂತ ಕಾಣುತ್ತೆ. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ಲೈಟ್ ಇಲ್ಲ, ಕೋಡ್ ಇಲ್ಲ, ಆದರೆ ಈ ಪರೀಕ್ಷೆಗಳೂ ಆಗಿಲ್ಲ ಅಂದರೆ ಬಹುಶಃ ಇತ್ತೀಚೆಗೆ ಯಾರೋ ಸ್ಲೇಟ್ ಒರೆಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ರೆಡಿನೆಸ್‌ಗೆ ನಾನು ‘ತಯಾರಿ’ ಅಂತ ಬರೆದಿದ್ದೆ, ಸುಳ್ಳೇ ಆಯಿತು. ಇಲ್ಲಿ ಯಾರೂ ತಯಾರಾಗುತ್ತಿಲ್ಲ. ‘ತಪಾಸಣೆ ಆಗಿದೆ, ಆಗಿಲ್ಲ’ ಅಂತ ಬದಲಾಯಿಸಿದೆ. ಇದಕ್ಕಿಂತ ಚಿಕ್ಕದು ನಿಮಗೆ ಹೊಳೆದರೆ ಹೇಳಿ.

ಈಗ ಹಾಳೆಯ ಕೊನೆಯ ಸಾಲು ಹೀಗಿದೆ: “ಕೋಡ್ ಮತ್ತು ಮಹಜರು ಎರಡರದೂ ಫೋಟೋ ತೆಗೆದಿಟ್ಟುಕೊಂಡು ಆಮೇಲೆ ಅಳಿಸಿ. ಅಳಿಸಿದರೆ ರಿಪೇರಿ ಆದ ಹಾಗಲ್ಲ.” ತೊಂದರೆ ಏನೆಂದರೆ, ಸ್ಕ್ಯಾನರಿನ ತೆರೆಯ ಮೇಲೆ ಬರೋದು ‘ಕ್ಲಿಯರ್’, ಗ್ಯಾರೇಜಿನವರು ಹೇಳೋದೂ ‘ಕ್ಲಿಯರ್’. ನಾನೊಬ್ಬ ‘ಅಳಿಸು’ ಅಂತ ಬರೆದರೆ ಭಾವ ಆ ಬಟನ್ ಹುಡುಕುತ್ತಾರೆ. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆ ಗ್ಯಾರೇಜಿನಲ್ಲಿ ಕೋಡ್ ಅಳಿಸೋದಕ್ಕೂ ಗಾಡಿ ಸರಿಹೋಗೋದಕ್ಕೂ ಬೇರೆ ಬೇರೆ ಮಾತು ಬಳಸುತ್ತಾರಾ? ಕಿವಿಯಾರೆ ಕೇಳಿದ್ದನ್ನೇ ಬರೆಯಿರಿ, ಕಟ್ಟಿದ ಪದ ನನ್ನ ಹತ್ತಿರ ಸಾಕಷ್ಟಿದೆ. ಸ್ಕ್ಯಾನರ್ ಶುಕ್ರವಾರ ಭಾವನ ಮನೆಗೆ ತಲುಪುತ್ತೆ.