ಮೈಕ್ರೋವೇವ್ ಪಾಪರ್‌ನಲ್ಲಿ ಪಾಪ್‌ಕಾರ್ನ್ ಸರಿಯಾಗಿ ಅರಳ್ತಾ ಇಲ್ಲ, ಅರಳಿದ್ದು ಸೀಯ್ತಾ ಇದೆ, ಯಾರಾದ್ರೂ ಹೇಳ್ಕೊಡಿ

ತುಂಗಾತೀರ (ಪ್ರಶ್ನೆ):

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಹೇಳಿದ್ರೇನೇ ನಿಮಗೂ ಗೊತ್ತಾಗೋದು ಅಂತ ಎಲ್ಲಾ ಬರೀತಿದೀನಿ.

ನಮ್ಮಪ್ಪಂಗೆ ಸಂಜೆ ಐದಾಯ್ತು ಅಂದ್ರೆ ಕಾಫಿ ಜೊತೆ ಏನಾದ್ರೂ ಕುರುಕ್ಲು ಬೇಕೇ ಬೇಕು, ಚಕ್ಲಿ, ಕೋಡುಬಳೆ, ಖಾರ ಮಂಡಕ್ಕಿ ಹಿಂಗೆ. ಎರಡು ತಿಂಗಳ ಹಿಂದೆ ಸ್ಟೆಂಟ್ ಹಾಕಿದ್ರು, ಆಗಿಂದ ಎಣ್ಣೇಲಿ ಕರ್ದಿದ್ದು ಬಂದ್, ಉಪ್ಪೂ ಕಮ್ಮಿ. ಪಾಪ ಬಾಯ್ಬಿಟ್ಟು ಕೇಳಲ್ಲ, ಆದ್ರೆ ಐದು ಗಂಟೆಗೆ ಅಡುಗೆಮನೆಗೆ ಬಂದು ಖಾಲಿ ಡಬ್ಬದ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿ ಹೋಗ್ತಾರೆ ಅಂತ ಅಮ್ಮ ಹೇಳಿದ್ಲು, ಕೇಳಿ ಕರುಳು ಚುರ್ ಅಂತು. ಅದಕ್ಕೆ ಎಣ್ಣೆ ಇಲ್ದೆ ಪಾಪ್‌ಕಾರ್ನ್ ಮಾಡ್ಕೊಡೋಣ ಅಂತ ಶುರು ಮಾಡಿದ್ದು.

ನಮ್ಮಣ್ಣ ಊರಿಗೆ ಬಂದಾಗ ತಂದುಕೊಟ್ಟ ಸಿಲಿಕಾನ್ ಪಾಪರ್ ಇದೆ, ಮಡಚಿದ್ರೆ ತಟ್ಟೆ ಥರ ಚಪ್ಪಟೆ ಆಗುತ್ತಲ್ಲ, ಕೆಂಪು ಬಟ್ಟಲು, ಮೇಲೊಂದು ಮುಚ್ಚಳ, ಅದು. ಮೈಕ್ರೋವೇವ್ 20 ಲೀಟರಿನ ಸೋಲೋ, 700 ವ್ಯಾಟ್ ಅಂತ ಹಿಂದೆ ಬರೆದಿದೆ. ಪಾಪ್‌ಕಾರ್ನ್ ಬಟನ್ ಒತ್ತಿದ್ರೆ ಮೊದಲು ಎರಡು ನಿಮಿಷ ಏನೂ ಸದ್ದೇ ಇಲ್ಲ, ಆಮೇಲೆ ಪಟಪಟ ಅನ್ನುತ್ತೆ, ಇನ್ನೂ ಕಾಳು ಉಳ್ಕೊಂಡಿದೆ ಅಂತ ಸ್ವಲ್ಪ ಬಿಟ್ರೆ ಸೀದ ವಾಸನೆ. ಮೊನ್ನೆ ಭಾನುವಾರ ಎಣಿಸಿಯೇ ನೋಡೋಣ ಅಂತ 300 ಕಾಳು ಎಣಿಸಿ ಹಾಕ್ದೆ, 118 ಕಾಳು ಹಂಗೇ ತಳದಲ್ಲಿ ಕೂತಿದ್ವು. ಕಾಳು ಲೂಸ್ ತಂದಿದ್ದು, ದೀಪಾವಳಿ ಹೊತ್ತಿಗೆ ಎರಡು ಕೆಜಿ, ಸ್ಟೀಲ್ ಡಬ್ಬಕ್ಕೆ ಹಾಕಿ ಫ್ರಿಜ್ ಮೇಲೆ ಇಟ್ಟಿದೀವಿ.

ತಪ್ಪು ಪಾಪರ್‌ದಾ, ಮೈಕ್ರೋವೇವ್‌ದಾ, ನಂದಾ? ಇನ್ನೊಂದು ವಿಷ್ಯ, ವಾರದ ದಿನ ನಾನು ಆಫೀಸಲ್ಲಿ ಇರ್ತೀನಿ, ಅಮ್ಮಂಗೆ ಮೈಕ್ರೋವೇವ್ ಅಂದ್ರೆ ಭಯ, ಅಪ್ಪನೇ ಮಾಡ್ಕೊಳ್ಳೋ ಹಾಗಿರಬೇಕು. ಗ್ಯಾಸ್ ಮೇಲೆ ಕುಕ್ಕರಲ್ಲಿ ಮಾಡಿ ಅಂತ ಹೇಳ್ಬೇಡಿ ಪ್ಲೀಸ್.

ಒಗ್ಗರಣೆ_ಸದ್ದು:

ಮೊದಲನೇದಾಗಿ ಆ ಪಾಪ್‌ಕಾರ್ನ್ ಬಟನ್ ಮರ್ತುಬಿಡಿ. ಅದು ಅಂಗಡೀಲಿ ಸಿಗೋ ಪೇಪರ್ ಪ್ಯಾಕೆಟ್‌ಗೆ ಅಂತ ಇಟ್ಟಿರೋ ಟೈಮು. ಆ ಪ್ಯಾಕೆಟ್ ತಳದಲ್ಲಿ ತೆಳ್ಳಗೆ ಲೋಹ ಲೇಪಿಸಿದ ಒಂದು ಪದರ ಇರುತ್ತೆ, ಅದು ಕಾವಲಿ ಥರ ಕಾದು ಕಾಳಿಗೆ ಶಾಖ ಕೊಡುತ್ತೆ. ನಿಮ್ಮ ಸಿಲಿಕಾನ್ ಬಟ್ಟಲಲ್ಲಿ ಅದಿಲ್ಲ, ಕಾಳೊಳಗಿನ ನೀರೇ ಕಾಯಬೇಕು. ಹಾಗಾಗಿ ಟೈಮ್ ಬೇರೆ.

ಫುಲ್ ಪವರಲ್ಲಿ ಇಟ್ಟು ಪಕ್ಕದಲ್ಲೇ ನಿಂತು ಕಿವಿ ಕೊಡಿ. ಪಟಪಟ ಜೋರಾಗಿ ಆಗಿ ಆಮೇಲೆ ಕಮ್ಮಿ ಆಗ್ತಾ ಬರುತ್ತೆ, ಒಂದು ಪಟ್ ಅಂದಮೇಲೆ ಇನ್ನೊಂದು ಪಟ್ ಅನ್ನೋಕೆ ಎರಡು ಸೆಕೆಂಡ್ ಹಿಡಿದ್ರೆ ಆಫ್ ಮಾಡಿ, ಉಳಿದ ಕಾಳಿನ ಆಸೆ ಬಿಟ್ಬಿಡಿ. ಯಾಕಂದ್ರೆ ಅರಳಿದ್ರಲ್ಲಿ ನೀರು ಹೋಗಿರುತ್ತೆ, ಅಷ್ಟೊತ್ತಿಗೆ ಕಾಯೋಕೆ ಬೇರೇನೂ ಇರಲ್ಲ, ಒಂದೆರಡು ಜಾಗದಲ್ಲಿ ಬಿಸಿ ಸೇರಿ ಅಲ್ಲೇ ಸೀಯೋದು. ನಿಮಗೆ ಮಧ್ಯದಲ್ಲಿ ಕಂದಾಗಿ ಸೀದಿದ್ಯಾ?

ಆಮೇಲೆ ಮುಚ್ಚಳ ತೆಗೆಯೋವಾಗ ಮುಖದಿಂದ ಆಚೆ ಬದಿ ಮೊದಲು ಎತ್ತಿ, ಒಳಗಿನ ಆವಿ ಕೈ ಸುಟ್ಟುಬಿಡುತ್ತೆ. ತೆಗೆದ ಕೂಡಲೇ ಅಗಲದ ಪಾತ್ರೆಗೆ ಸುರೀರಿ, ಮುಚ್ಚಿದ ಹಾಗೇ ಬಿಟ್ರೆ ಆ ಆವಿಗೇ ಮೆತ್ತಗಾಗುತ್ತೆ.

ತುಂಗಾತೀರ:

ಹೌದು ನಟ್ಟನಡುವೆ ಕಂದಾಗಿರುತ್ತೆ. ಆದ್ರೆ ಕಿವಿ ಕೊಟ್ಟು ಕೇಳೋದು ಅಪ್ಪಂಗೆ ಆಗಲ್ಲ, ಅವ್ರಿಗೆ ಕಿವಿ ಸ್ವಲ್ಪ ಮಂದ. ಇಷ್ಟೇ ನಿಮಿಷ ಅಂತ ಒಂದು ಲೆಕ್ಕ ಬೇಕು.

ಮಲಪ್ರಭಾ_ದಂಡಿ:

ಅಕ್ಕಾರ, ದೀಪಾವಳಿಗೆ ತಂದ ಕಾಳು, ಸ್ಟೀಲ್ ಡಬ್ಬಿ, ಅದೂ ಫ್ರಿಜ್ ಮ್ಯಾಲೆ ಅಂದ್ರಲ್ಲ, ನಿಮ್ಮ ರೋಗ ಅಲ್ಲೇ ಐತ್ರಿ. ಫ್ರಿಜ್ ಮ್ಯಾಲಿನ ಜಾಗ ಯಾವಾಗ್ಲೂ ಬೆಚ್ಚಗ ಇರ್ತದ, ಸ್ಟೀಲ್ ಡಬ್ಬಿ ಮುಚ್ಚಳ ಗಾಳಿ ತಡಿಯಂಗಿಲ್ಲ, ಕಾಳಿನ ಪಸಿ ಎಲ್ಲಾ ಆರಿ ಹೋಗೇತಿ.

ಪಾಪ್‌ಕಾರ್ನ್ ಕಾಳಿನ್ಯಾಗ ನೂರಕ್ಕ 14 ಪಾಲಿನಷ್ಟು ನೀರು ಇರಬೇಕ್ರಿ. ಕಾದಾಗ ಆ ನೀರಿನಿಂದ ಒಳಗಿನ ಹಿಟ್ಟು ಗಂಜಿ ಹಂಗ ಮೆತ್ತಗಾಗ್ತದ, ಸಿಪ್ಪಿ ಗಟ್ಟಿ ಇರೂದಕ್ಕ ಆವಿ ಹೊರಗ ಹೋಗಂಗಿಲ್ಲ, 180 ಡಿಗ್ರಿ ಹತ್ರ ಬಂದಾಗ ತಡಿಲಾರದ ಒಡೀತದ, ಗಂಜಿ ಉಬ್ಬಿ ಅಲ್ಲೇ ಬಿರುಸಾಗ್ತದ. ಒಡಿಯೂ ಮುಂದ ಕಾಳಿನೊಳಗಿನ ಒತ್ತಡ ನಮ್ಮ ಮನಿ ಕುಕ್ಕರ್ ಸೀಟಿ ಹೊಡಿಯೂವಾಗ ಇರೂದರ ನಾಲ್ಕು ಪಟ್ಟಿಗಿಂತ ಹೆಚ್ಚ ಇರ್ತದ. ನೀರು ಕಡಿಮಿ ಇದ್ರ ಅಷ್ಟು ಒತ್ತಡ ಎಲ್ಲಿಂದ ಬರಬೇಕು, ಕಾದು ಕಾದು ಕರ್ರಗಾಗ್ತದ ಅಷ್ಟ.

ಇದನ್ನ ನಮ್ಮ ಆಯಿ ಯಾವ ಪುಸ್ತಕನೂ ಓದದ ಮಾಡ್ತಿದ್ಲು. ಪಂಚಮಿ ಬಂತಂದ್ರ ನಮ್ಮ ಕಡೆ ಅಳ್ಳು ಹುರೀಬೇಕಲ್ರಿ, ಅಳ್ಳಿನ ಜ್ವಾಳ ಅಂತ ಬ್ಯಾರೇನ ಇರ್ತದ, ಹಿಂದಿನ ದಿನ ರಾತ್ರಿ ಅದಕ್ಕ ಬಿಸಿನೀರು ಚಿಮುಕಿಸಿ ಅರಬ್ಯಾಗ ಗಂಟು ಕಟ್ಟಿ ಇಡ್ತಿದ್ಲು, ಮುಂಜಾನೆ ನೆರಳಾಗ ಸ್ವಲ್ಪ ಆರಿಸಿ, ಕಾದ ಬಾಣಲಿಗೆ ಒಂದೊಂದು ಹಿಡಿ ಹಾಕಿ ಅರಬಿ ಗಂಟಿನಿಂದ ತಿರುವ್ತಿದ್ಲು. ನಾವು ಹುಡುಗ್ರು ಸುತ್ತಲೂ ಕುಂತು ಹೊರಗ ಹಾರಿದ್ದನ್ನ ಆರಿಸಿ ತಿಂತಿದ್ವಿ. ಒಂದ್ ವರ್ಷ ನಮ್ಮ ಕಾಕಿ ನೀರು ಚಿಮುಕಿಸೂದು ಮರ್ತಿದ್ರು, ಅವತ್ತು ಅರ್ಧಾ ಜ್ವಾಳ ಹಂಗ ಸುಟ್ಟು ಹೋತು.

ನಿಮ್ಮ ಕಾಳಿಗೂ ಅದನ್ನ ಮಾಡ್ರಿ. ಮುಚ್ಚಳ ಬಿಗಿ ಇರೂ ಗಾಜಿನ ಬಾಟ್ಲಿಗೆ ಮೂರು ಕಪ್ಪು ಕಾಳು ಹಾಕಿ ಒಂದು ಟೇಬಲ್ ಸ್ಪೂನ್ ನೀರು ಹಾಕ್ರಿ, ಹೆಚ್ಚ ಬ್ಯಾಡ. ಮೊದಲ ದಿನ ನೆನಪಾದಾಗೆಲ್ಲ ಅಲ್ಲಾಡಸ್ರಿ, ನೀರು ಕಾಣದಂಗ ಹೀರ್ಕೋತಾವ. ಆಮ್ಯಾಲೆ ಮೂರ್ನಾಕ್ ದಿನ ಮುಟ್ಟಬ್ಯಾಡ್ರಿ. ಹೊರಗ ಒದ್ದಿ ಕಂಡ್ರ ಸಾಲಂಗಿಲ್ಲ, ಪಸಿ ಕಾಳಿನ ಹೊಟ್ಟಿ ತನಕ ಹೋಗಬೇಕು. ಇಲ್ಲದ ಹೋದ್ರ ಅರಳಿದ್ದು ಅಗಿಯಾಕ ರಬ್ಬರ್ ಆಗ್ತದ, ಹೆಚ್ಚ ನೀರಾದ್ರ ಬೂಸ್ಟ್ ಹಿಡೀತದ.

ಅಡಿಕೆನಾಡು:

ಬೇರೆಯವರ ಪೋಸ್ಟಲ್ಲಿ ಕೇಳ್ತಿದೀನಿ ಬೇಜಾರು ಮಾಡ್ಕೋಬೇಡಿ. ನಮ್ಮ ಭಾವನವರು ದಾವಣಗೆರೆ ಹತ್ರ ಮೆಕ್ಕೆಜೋಳ ಬೆಳೀತಾರೆ, ಮನೇಲಿ ಚೀಲಗಟ್ಲೆ ಇದೆ. ಅದನ್ನೇ ಈ ಪಾಪರ್‌ಗೆ ಹಾಕಿದ್ರೆ ಆಗಲ್ವಾ?

ಮಲಪ್ರಭಾ_ದಂಡಿ:

ಆಗಂಗಿಲ್ರಿ. ಅದು ಕೋಳಿ ಫೀಡಿಗೆ, ಪಿಷ್ಟದ ಫ್ಯಾಕ್ಟರಿಗೆ ಹೋಗೂ ಗ್ವಾಂಜಾಳ, ಒಳಗ ಮೆದು ಹಿಟ್ಟು ಭಾಳ, ಸಿಪ್ಪಿ ಅಷ್ಟು ಒತ್ತಡ ತಡಿಯಂಗಿಲ್ಲ, ಬಿರೀತದ ಅಷ್ಟ, ಹೂ ಆಗಂಗಿಲ್ಲ. ಪಾಪ್‌ಕಾರ್ನ್ ತಳಿನ ಬ್ಯಾರೆ, ಕಾಳು ಸಣ್ಣದು, ಗಾಜಿನಂಗ ಮಿರಿಮಿರಿ ಅಂತದ.

ಫೇಸ್_ನ್ಯೂಟ್ರಲ್:

ನಾನು ಎಲೆಕ್ಟ್ರಿಕಲ್ ಕೆಲಸದವನು, ಅಡುಗೆ ಬಗ್ಗೆ ಗೊತ್ತಿಲ್ಲ, ಆದ್ರೆ "ಎರಡು ನಿಮಿಷ ಸದ್ದೇ ಇಲ್ಲ" ಅಂದ್ರಲ್ಲ, ಅದು ನನಗೆ ವೋಲ್ಟೇಜ್ ಥರ ಕಾಣ್ತಿದೆ ಮೇಡಂ. ಸಂಜೆ ಐದರ ಮೇಲೆ ಲೋಡ್ ಜಾಸ್ತಿ ಆಗಿ ಎಷ್ಟೋ ಏರಿಯಾದಲ್ಲಿ ವೋಲ್ಟೇಜ್ ಇಳಿಯುತ್ತೆ. ಒಳಗಡೆ ಟ್ರಾನ್ಸ್‌ಫಾರ್ಮರ್ ಇರೋ ಮೈಕ್ರೋವೇವ್‌ಗಳಲ್ಲಿ ವೋಲ್ಟೇಜ್ ಇಳಿದ್ರೆ ಪವರೂ ಇಳಿಯುತ್ತೆ, ಲೈಟು, ತಟ್ಟೆ ತಿರುಗೋದು ಎಲ್ಲಾ ಮಾಮೂಲಿನ ಹಾಗೇ ಇರೋದ್ರಿಂದ ನಮಗೆ ಗೊತ್ತೇ ಆಗಲ್ಲ. ಹಾಗೆ ನಿಧಾನಕ್ಕೆ ಕಾದ್ರೆ ಒತ್ತಡ ಕಟ್ಟೋ ಮುಂಚೆನೇ ಕಾಳೊಳಗಿನ ಆವಿ ಸೋರಿ ಹೋಗುತ್ತೆ, ಮೇಲಿನವರು ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗುತ್ತೆ ನೋಡಿ.

ಮನೇಲೇ ಅಳೀಬಹುದು. ಗಾಜಿನ ಬೌಲಲ್ಲಿ ಸರಿಯಾಗಿ ಒಂದು ಲೀಟರ್ ನೀರು, ಥರ್ಮಾಮೀಟರಲ್ಲಿ ನೋಡಿ ಬರ್ಕೊಳ್ಳಿ (ಜ್ವರದ್ದಲ್ಲ, ಅಡುಗೆದು), ಫುಲ್ ಪವರಲ್ಲಿ ಒಂದೇ ನಿಮಿಷ ಇಟ್ಟು, ತೆಗೆದು ಕಲಕಿ ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನ 70ರಿಂದ ಗುಣಿಸಿ, ಅದೇ ನಿಮ್ಮ ನಿಜವಾದ ವ್ಯಾಟ್. ಹತ್ತು ಡಿಗ್ರಿ ಏರಿದ್ರೆ 700. ಮಧ್ಯಾಹ್ನ ಒಂದ್ಸಲ, ಸಂಜೆ ಒಂದ್ಸಲ ಮಾಡಿ. ಎರಡು ಸಲಕ್ಕೂ ಬೌಲ್ ತಣ್ಣಗಿರಬೇಕು.

ಆಮೇಲೆ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ರೆ ಇವತ್ತೇ ತೆಗೆದು ಗೋಡೆಯ 16 ಆಂಪ್ಸ್ ಪಾಯಿಂಟ್‌ಗೆ ಹಾಕಿ. ಖಾಲಿ ಪಾಪರ್ ಕಾಯಿಸೋಕೂ ಹೋಗ್ಬೇಡಿ, ಒಳಗೆ ನೀರಿನಂಶ ಇರೋದು ಏನೂ ಇಲ್ದೆ ಮೈಕ್ರೋವೇವ್ ಓಡಿಸಬಾರದು. ಅಪ್ಪಂಗೆ ಇದೊಂದು ಮಾತ್ರ ಖಂಡಿತ ಹೇಳಿಕೊಡಿ, ಸೀದು ಹೊಗೆ ಬಂತು ಅಂದ್ರೆ ಬಾಗಿಲು ತೆಗೀಬಾರದು, ಗೋಡೆ ಸ್ವಿಚ್ ಆಫ್ ಮಾಡಿ ದೂರ ನಿಲ್ಲಬೇಕು, ಗಾಳಿ ಹೋದ್ರೆ ಬೆಂಕಿ ಹತ್ತುತ್ತೆ.

ಎರಡ್‌ಮಕ್ಕಳ_ಅಮ್ಮ:

ನಾವು ನ್ಯೂಜೆರ್ಸಿಯಲ್ಲಿರೋದು, ಇದೇ ಥರ ಸಿಲಿಕಾನ್ ಪಾಪರ್ ನಾಲ್ಕು ವರ್ಷದಿಂದ ಬಳಸ್ತಿದೀನಿ, ಇಲ್ಲಿನ ಮೈಕ್ರೋವೇವ್ 1100 ವ್ಯಾಟ್ ಇರೋದ್ರಿಂದ ನನ್ನ ಟೈಮ್ ನಿಮಗೆ ಉಪಯೋಗಕ್ಕೆ ಬರಲ್ಲ. ಉಪ್ಪಿನ ವಿಷಯ ಹೇಳ್ತೀನಿ, ಅಪ್ಪನಿಗೆ ಬೇಕಾಗುತ್ತೆ.

ಎಣ್ಣೆ ಇಲ್ದೆ ಮಾಡಿದ್ರೆ ಉಪ್ಪು ಅಂಟಲ್ಲ, ಎಷ್ಟು ಹಾಕಿದ್ರೂ ತಳಕ್ಕೆ ಹೋಗುತ್ತೆ, ರುಚಿ ಇಲ್ಲ ಅಂತ ಇನ್ನಷ್ಟು ಹಾಕ್ತೀವಿ. ಉಪ್ಪನ್ನ ಮಿಕ್ಸಿಯಲ್ಲಿ ಮೈದಾ ಥರ ನುಣ್ಣಗೆ ಪುಡಿ ಮಾಡ್ಕೊಳ್ಳಿ, ಅರ್ಧ ಚಮಚ ತುಪ್ಪ ಬೆಚ್ಚಗೆ ಮಾಡಿ ಇಡೀ ಬಟ್ಟಲಿಗೆ ಕೈಯಲ್ಲೇ ಸವರಿ, ಒಂದು ಚಿಟಿಕೆ ಉಪ್ಪು ಉದುರಿಸಿ, ಅಷ್ಟೇ ಸಾಕಾಗುತ್ತೆ, ನಾಲಿಗೆಗೆ ಪೂರ್ತಿ ಉಪ್ಪು ಸಿಗುತ್ತೆ. ಬೆಣ್ಣೆ ಬೇಡ, ಬೆಣ್ಣೇಲಿ ನೀರಿರುತ್ತೆ, ಗರಿಗರಿ ಹೋಗುತ್ತೆ. ತುಪ್ಪದ ಬಗ್ಗೆ ಡಾಕ್ಟರ್ ಹತ್ರ ಒಂದು ಮಾತು ಕೇಳ್ಕೊಳ್ಳಿ. ಬೇಡ ಅಂದ್ರೆ ನಿಂಬೆರಸ ಹಾಕೋಕೆ ಹೋಗ್ಬೇಡಿ, ನಾನು ಹಾಕಿ ನೋಡಿದೀನಿ, ಬಿದ್ದ ಕಡೆ ಎಲ್ಲಾ ಮುದುಡಿಕೊಳ್ಳುತ್ತೆ. ನುಣ್ಣಗೆ ಮಾಡಿದ ಜೀರಿಗೆ ಮೆಣಸಿನ ಪುಡಿ ಬಿಸಿ ಇದ್ದಾಗಲೇ ಉದುರಿಸಿದ್ರೆ ಸ್ವಲ್ಪ ಮಟ್ಟಿಗೆ ಅಂಟುತ್ತೆ.

ಪಾಪರ್ ಒಳಗೆ ಜಿಡ್ಡು ಜಿಡ್ಡು ಆಗಿದ್ರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ರಾತ್ರಿ ನೆನೆಸಿಡಿ. ಮನೇಲಿ ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿದ್ರೆ ಅವರ ಕೈಗೆ ಸಿಗದ ಹಾಗೆ ಇಡಿ, ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ನನ್ನ ಚಿಕ್ಕವನಿಗೆ ನಾನು ಇನ್ನೂ ಕೊಟ್ಟಿಲ್ಲ.

ತುಂಗಾತೀರ:

ಆರು ದಿನ ಆದ್ಮೇಲೆ ಬರೀತಿದೀನಿ, ಎಲ್ರೂ ಹೇಳಿದ್ದನ್ನ ಒಂದೊಂದಾಗಿ ಮಾಡಿದೆ.

ನೀರಿನ ಪರೀಕ್ಷೆ ಮೊದಲು. ಶನಿವಾರ ಮಧ್ಯಾಹ್ನ 9 ಡಿಗ್ರಿ ಏರಿತು, ಸಂಜೆ ಆರಕ್ಕೆ ಬರೀ 7. ಅಂದ್ರೆ 700 ಇರಬೇಕಾದ್ದು ಸಂಜೆ 490ಕ್ಕೆ ಇಳೀತಿತ್ತು. ಎಕ್ಸ್‌ಟೆನ್ಷನ್‌ಗೇ ಹಾಕಿದ್ವಿ, ತೆಗೆದು ಗೋಡೆಗೆ ಹಾಕಿದ್ಮೇಲೆ ಸಂಜೆ 8ರ ಹತ್ರ ಬಂತು.

ಕಾಳನ್ನ ಎರಡು ಉಪ್ಪಿನಕಾಯಿ ಬಾಟ್ಲಿಗೆ ತುಂಬಿಸಿ ಮಲಪ್ರಭಾ ಅವರು ಹೇಳಿದ ಲೆಕ್ಕದಲ್ಲೇ ನೀರು ಹಾಕಿಟ್ಟೆ. ಎರಡನೇ ದಿನ ತಡೀಲಾರದೆ ಒಂದು ಹಿಡಿ ಹಾಕಿ ನೋಡಿದ್ರೆ ಅವರಂದ ಹಾಗೇ ರಬ್ಬರ್. ಐದನೇ ದಿನ ಅಂದ್ರೆ ನಿನ್ನೆ, ಮತ್ತೆ 300 ಎಣಿಸಿ ಹಾಕ್ದೆ. ಒಂದು ನಿಮಿಷ 40 ಸೆಕೆಂಡಿಗೇ ಪಟ್ ಅಂತು, ಆಮೇಲೆ ನಿಲ್ಲಲೇ ಇಲ್ಲ, ಮುಚ್ಚಳ ಮೇಲೆದ್ದು ಕೂತಿತ್ತು. ಉಳಿದ ಕಾಳು 31. ಸೀದಿದ್ದು ಒಂದೂ ಇಲ್ಲ. ಸದ್ದೂ ಬೇರೆ ಥರ ಇತ್ತು, ಮೊದಲು ಟಿಕ್ ಟಿಕ್ ಅಂತಿತ್ತು, ಈಗ ದಪ್ಪಗೆ ಪಟ್ ಅನ್ನುತ್ತೆ.

ಟೈಮ್ ಲೆಕ್ಕಕ್ಕೆ ಸಂಜೆ ಐದಕ್ಕೇ ಮೂರು ಸಲ ಮಾಡಿ ನೋಡಿದ್ವಿ, ಕಾಲು ಕಪ್ಪಿಗೆ 3 ನಿಮಿಷ 10 ಸೆಕೆಂಡ್. ಇನ್ನೂ 20 ಸೆಕೆಂಡ್ ಬಿಟ್ರೆ ಐದಾರು ಕಾಳು ಜಾಸ್ತಿ ಅರಳುತ್ತೆ, ಆದ್ರೆ ನಾನಿಲ್ದಾಗ ಸೀಯೋದು ಬೇಡ ಅಂತ ಅಲ್ಲಿಗೇ ನಿಲ್ಸಿದೆ. ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಮೈಕ್ರೋವೇವ್ ಬಾಗಿಲ ಮೇಲೆ ಅಂಟಿಸಿದೀನಿ, ಕೆಳಗೆ ಹೊಗೆ ಬಂದ್ರೆ ಬಾಗಿಲು ತೆಗೀಬೇಡಿ ಅಂತ ಕೆಂಪು ಪೆನ್ನಲ್ಲಿ. ಪಾಪ್‌ಕಾರ್ನ್ ಬಟನ್ ಮೇಲೂ ಒಂದು ಸ್ಟಿಕ್ಕರ್ ಹಾಕಿ ಮುಚ್ಚಿದೀನಿ. ದಿನಾ ಅರ್ಧ ಚಮಚ ತುಪ್ಪ ಪರವಾಗಿಲ್ಲ ಅಂದ್ರು ಡಾಕ್ಟ್ರು.

ಇವತ್ತು ಅಪ್ಪ ಒಬ್ರೇ ಮಾಡ್ಕೊಂಡ್ರಂತೆ. ಐದೂಕಾಲಿಗೆ ಆಫೀಸಿಗೆ ಫೋನ್ ಮಾಡಿ "ಆ ಬಾಟ್ಲಿ ಕಾಳು ಮುಗಿದ್ರೆ ಮುಂದಿನ ಸಲ ಎಷ್ಟು ನೀರು ಹಾಕಬೇಕು ಅಂತ ಅದನ್ನೂ ಚೀಟೀಲಿ ಬರೆದಿಡು" ಅಂದ್ರು. ಮಲಪ್ರಭಾ ಅವರೇ, ಹೊಸ ಕಾಳು ತಂದ್ರೂ ನೀರು ಹಾಕಬೇಕಾ?

ಮಲಪ್ರಭಾ_ದಂಡಿ:

ಹೊಸ ಕಾಳಿಗೆ ಬ್ಯಾಡ್ರಿ ಅಕ್ಕಾರ. ತಂದ ದಿನಾನ ಬಾಟ್ಲಿಗೆ ಹಾಕಿ ಬಿಗಿ ಮುಚ್ಚಿ, ಒಲಿ, ಫ್ರಿಜ್, ಬಿಸಿಲು ಇವುಗಳಿಂದ ದೂರ ಇಡ್ರಿ, ಸಾಕು. ಕಾಳು ಉಳಿಯೂದು ಹೆಚ್ಚಾತಂದ್ರ ಆಗ ನೀರಿನ ಮಾತು. ಅಪ್ಪಾರಿಗೆ ನಮಸ್ಕಾರ ಹೇಳ್ರಿ.